ಸರೋಜಮ್ಮನ ಅಟ್ಟಣೆ

ಬೆಳಗಿನ ಐದೂಕಾಲಿಗೆ ಸರೋಜಮ್ಮ ದೇವರಿಗೆ ದೀಪ ಹಚ್ಚುತ್ತಾರೆ. ಕುಡಿ ನೆಟ್ಟಗೆ ನಿಂತ ಮೇಲೆ ಅಡುಗೆಮನೆಗೆ ಬಂದು, ಗ್ಯಾಸ್ ಸಿಲಿಂಡರಿನ ಎದುರಿಗೆ ಮರದ ಸ್ಟೂಲು ಎಳೆದುಕೊಂಡು, ಅದರ ಮೇಲೆ ಹತ್ತಿ ನಿಲ್ಲುತ್ತಾರೆ. ಎಡಗೈಯಲ್ಲಿ ಬಿಲ್ಲು, ಬಲಗೈಯ ಹೆಬ್ಬೆರಳಿಗೆ ಎಮ್ಮೆಕೊಂಬಿನ ಉಂಗುರ. ಬಾಣ ಇರುವುದಿಲ್ಲ. ಸಿಲಿಂಡರಿನ ಬುಡದಲ್ಲಿ ಒಂದು ಮರೂನ್ ಬಣ್ಣದ ಬಿಂದಿ ಅಂಟಿಸಿದೆ. ಸೊಂಟದಿಂದ ಬಾಗಿ, ಆ ಬಿಂದಿಯ ಮೇಲೆ ಕಣ್ಣಿಟ್ಟು, ಹೆದೆಯನ್ನು ಕಿವಿಯ ತನಕ ಎಳೆದು, ಮನಸ್ಸಿನಲ್ಲೇ ಹನ್ನೊಂದು ಸಲ ಶಿವನ ಹೆಸರು ಹೇಳಿಕೊಳ್ಳುತ್ತಾರೆ. ಆಮೇಲೆ ಎಳೆದಷ್ಟೇ ನಿಧಾನವಾಗಿ ಹೆದೆಯನ್ನು ಮೊದಲಿನ ಜಾಗಕ್ಕೆ ತರುತ್ತಾರೆ. ಬಾಣವಿಲ್ಲದೆ ಹೆದೆ ಬಿಟ್ಟರೆ ಬಿಲ್ಲು ಸೀಳಿ ಹೋಗುತ್ತದೆ. ಹೀಗೆ ಹನ್ನೆರಡು ಸಲ. ಅದಾದ ಮೇಲೆ ಕಾಫಿಗೆ ನೀರಿಡುವುದು.

ಜ್ವರ ಬಂದ ದಿನವೂ ಇದು ತಪ್ಪಿಲ್ಲ. ಮಗಳು ಚೈತನ್ಯಾಳ ನಿಶ್ಚಿತಾರ್ಥದ ದಿನ ಮನೆ ತುಂಬ ನೆಂಟರಿದ್ದರು. ಬೀಗರ ಕಡೆಯ ಇಬ್ಬರು ಹೆಂಗಸರು ಬಿಸಿನೀರು ಕೇಳಲು ಅಡುಗೆಮನೆಗೆ ಬಂದವರು, ಹುಡುಗಿಯ ತಾಯಿ ಸ್ಟೂಲಿನ ಮೇಲೆ ನಿಂತು ಗ್ಯಾಸ್ ಸಿಲಿಂಡರಿಗೆ ಗುರಿ ಹಿಡಿದದ್ದನ್ನು ಕಂಡು, ಹಾಗೇ ಹಿಂದಕ್ಕೆ ಸರಿದರು. ಮದುವೆಯೇನೋ ನಿಲ್ಲಲಿಲ್ಲ.

ಸರೋಜಮ್ಮನಿಗೆ ಈಗ ಐವತ್ತೆಂಟು. ಮಳವಳ್ಳಿಯ ಬೋರಯ್ಯ ಮೇಷ್ಟರ ಕೊನೆಯ ಮಗಳು. ಮಲೇಷ್ಯಾದ ಮೆಲಾಕಾಕ್ಕೆ ಬಂದು ಹತ್ತೊಂಬತ್ತು ವರ್ಷವಾಯಿತು. ಗಂಡ ದೇವದಾಸ ಅಲ್ಲಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಪಾಠ ಹೇಳುತ್ತಾರೆ. ಅದೇ ಕಾಲೇಜಿನ ಅನಾಟಮಿ ಮ್ಯೂಸಿಯಂ ಸರೋಜಮ್ಮನ ಕೈಯಲ್ಲಿದೆ. ಗಾಜಿನ ಜಾಡಿಗಳಲ್ಲಿ ಮನುಷ್ಯನ ಅಂಗಗಳನ್ನು ದಾರ ಕಟ್ಟಿ ನಿಲ್ಲಿಸುವುದು, ಕಂದಿದ ದ್ರಾವಣ ಬದಲಿಸುವುದು, ಹೆಸರಿನ ಚೀಟಿ ಬರೆದು ಅಂಟಿಸುವುದು ಅವರ ಕೆಲಸ. ಪರೀಕ್ಷೆ ಹತ್ತಿರವಾದಾಗ ವಿದ್ಯಾರ್ಥಿಗಳು ಪ್ರೊಫೆಸರರನ್ನು ಬಿಟ್ಟು ಇವರ ಹಿಂದೆ ಬೀಳುತ್ತಾರೆ. ಒಂದು ಜಾಡಿ ಎತ್ತಿ ತೋರಿಸಿದರೆ ಸಾಕು, ಚೀಟಿಯ ಕಡೆ ನೋಡದೆ ಅದು ಎಡ ಶ್ವಾಸಕೋಶವೋ ಬಲದ್ದೋ ಹೇಳುತ್ತಾರೆ. ಕೆಲಸದಲ್ಲಿ ಅವರ ಕೈ ನಡುಗಿದ್ದನ್ನು ಯಾರೂ ಕಂಡಿಲ್ಲ.

ಆ ಕೈಯನ್ನು ನೋಡಿಯೇ ಚಿಕ್ಗು ಹಾಶಿಮ್ ಸರೋಜಮ್ಮನಿಗೆ ಬಿಲ್ಲು ಕೊಟ್ಟದ್ದು. ಚಿಕ್ಗು ಎಂದರೆ ಅಲ್ಲಿನ ಮಾತಿನಲ್ಲಿ ಮೇಷ್ಟ್ರು. ಎಪ್ಪತ್ತು ದಾಟಿದ, ಬಿಳಿ ಗಡ್ಡದ, ಸಣ್ಣಗೆ ಒಣಗಿದಂತಿದ್ದ ಈ ಮುದುಕರು ಕಾಲೇಜಿನ ಹಿಂದಿನ ಬಯಲಿನಲ್ಲಿ ಭಾನುವಾರಗಳಂದು ಹಳೆಯ ಕಾಲದ ರೀತಿಯ ಬಿಲ್ವಿದ್ಯೆ ಹೇಳಿಕೊಡುತ್ತಿದ್ದರು. ಚಕ್ರ, ದುರ್ಬೀನು ಏನೂ ಇಲ್ಲದ ಸಾದಾ ಬಿಲ್ಲು. ಸಂಜೆ ತಿರುಗಾಡಲು ಹೋಗುತ್ತಿದ್ದ ಸರೋಜಮ್ಮ ಎರಡು ತಿಂಗಳು, ಹಿಡಿದ ಕೊಡೆ ಅಲುಗದಂತೆ, ಬದುವಿನ ಮೇಲೆ ಕೂತು ನೋಡಿದರು. ಮೂರನೆಯ ತಿಂಗಳು ಚಿಕ್ಗು ತಾವೇ ಬಂದು, ಇದನ್ನು ಸ್ವಲ್ಪ ಹಿಡಿದುಕೊಳ್ಳಿ ಎಂದು ಬಿಲ್ಲು ಕೊಟ್ಟು, ಹಿಂತಿರುಗಿ ಕೇಳಲೇ ಇಲ್ಲ. ಅದಾಗಿ ಎಂಟು ವರ್ಷ.

ಚಿಕ್ಗು ಹರೆಯದಲ್ಲಿ ಬೇಟೆಯಾಡಿದವರು. ಪಹಾಂಗ್ ಕಾಡುಗಳಲ್ಲಿ, ಪರವಾನಗಿ ಸಿಗುತ್ತಿದ್ದ ಕಾಲದಲ್ಲಿ, ಮರದ ಮೇಲೆ ಅಟ್ಟಣೆ ಕಟ್ಟಿ ಕಡವೆಗಾಗಿ ಕಾದವರು. ಈಗ ಕಡವೆ ಬೇಟೆಗೆ ಪರವಾನಗಿ ನಿಂತು ವರ್ಷಗಳಾದವು. ಅದು ನಿಂತದ್ದೇ ಒಳ್ಳೆಯದಾಯಿತು ಎಂದು ಅವರೇ ಹೇಳುತ್ತಾರೆ. ಆದರೆ ವಿದ್ಯೆ ಸಾಯಬಾರದೆಂದು, ಜಾಸಿನ್ ಕಡೆ ತಮ್ಮನ ಹಳೆಯ ರಬ್ಬರ್ ತೋಟದಲ್ಲಿ ಒಂದು ದೊಡ್ಡ ಮಳೆಮರದ ಮೇಲೆ ಎರಡಾಳೆತ್ತರಕ್ಕೆ ಅಟ್ಟಣೆ ಕಟ್ಟಿಸಿದ್ದಾರೆ. ಕೆಳಗೆ ಫೋಮಿನಿಂದ ಮಾಡಿದ, ನಿಜವಾದ ಅಳತೆಯ ಕಡವೆ. ಅದರ ಮೈಮೇಲೆ ಗುರಿಯ ವೃತ್ತ ಇಲ್ಲ, ಚುಕ್ಕೆಯೂ ಇಲ್ಲ, ಬರೀ ಕಂದು ಬಣ್ಣ. ಒಳಗೆ ಮಾತ್ರ ಎದೆಯ ಭಾಗಕ್ಕೆ ಕೆಂಪು, ಹೊಟ್ಟೆಯ ಭಾಗಕ್ಕೆ ಹಳದಿ ಬಳಿದಿದೆ. ಬಾಣ ನಾಟಿದ ಮೇಲೆ ಪಕ್ಕವನ್ನು ಬಿಚ್ಚಿ ನೋಡಿದರೆ ಯಾವ ಬಣ್ಣಕ್ಕೆ ಬಿದ್ದಿದೆ ಎಂದು ತಿಳಿಯುತ್ತದೆ.

ವರ್ಷಕ್ಕೊಮ್ಮೆ, ಸೆಪ್ಟೆಂಬರಿನಲ್ಲಿ, ಅಟ್ಟಣೆಯ ಪರೀಕ್ಷೆ. ಮೇಲಿನಿಂದ ಮೂರು ಬಾಣ. ಮೂರೂ ಕೆಂಪಿಗೆ ಬಿದ್ದವರಿಗೆ ಆ ಮರ ವರ್ಷವಿಡೀ ತೆರೆದಿರುತ್ತದೆ. ಯಾವಾಗ ಬೇಕಾದರೂ ಬಂದು ಹತ್ತಬಹುದು, ಅಭ್ಯಾಸ ಮಾಡಬಹುದು, ಹೊಸಬರಿಗೆ ಕಲಿಸಬಹುದು. ಒಂದು ಬಾಣ ಹಳದಿಗೆ ಬಿದ್ದರೂ ಅಲ್ಲಿಗೇ ಇಳಿಯಬೇಕು. ಮುಂದಿನ ಪರೀಕ್ಷೆಯ ತನಕ ಏಣಿ ಮುಟ್ಟುವ ಹಾಗಿಲ್ಲ.

ಹೋದ ವರ್ಷ ಸರೋಜಮ್ಮ ಏಳು ವರ್ಷ ನೆಲದ ಮೇಲೆ ನಿಂತು ಕಲಿತದ್ದನ್ನೆಲ್ಲ ತುಂಬಿಕೊಂಡು ಮೇಲೆ ಹತ್ತಿದರು. ಮೊದಲ ಬಾಣವೇ ಹಳದಿಗೆ ಬಿತ್ತು.

ಬೇರೆಯವರು ಮಾಡುವ ತಪ್ಪನ್ನು ಅವರು ಮಾಡಿರಲಿಲ್ಲ. ಹೊಸಬರು ಮೇಲಿನಿಂದ ಹೊಡೆಯುವಾಗ ಸೊಂಟ ಬಗ್ಗಿಸದೆ ಬರೀ ತೋಳು ತಗ್ಗಿಸುತ್ತಾರೆ, ಬಾಣ ಕಡವೆಯ ಬೆನ್ನಿನ ಮೇಲಿಂದ ಹಾರಿಹೋಗುತ್ತದೆ. ಸರೋಜಮ್ಮನ ಸೊಂಟ ಸರಿಯಾಗಿಯೇ ಬಾಗಿತ್ತು, ಬಾಣ ಅವರು ನೋಡಿದ ಜಾಗಕ್ಕೇ ಹೋಗಿತ್ತು. ನೋಡಿದ ಜಾಗವೇ ತಪ್ಪಾಗಿತ್ತು. ವರ್ಷಗಟ್ಟಲೆ ಎರಡು ಕಾಲಿನ ಮನುಷ್ಯನ ಎದೆಗೂಡನ್ನೇ ನೋಡಿದ ಕಣ್ಣು, ಪಕ್ಕೆಲುಬುಗಳ ಸಾಲನ್ನು ಕಂಡು, ನಡುಮಧ್ಯೆ ಶ್ವಾಸಕೋಶ ಎಂದು ಲೆಕ್ಕ ಹಾಕಿಬಿಟ್ಟಿತ್ತು. ನಾಲ್ಕು ಕಾಲಿನ ಮೇಲೆ ನಡೆಯುವ, ಮೇದು ಮೆಲುಕು ಹಾಕುವ ಪ್ರಾಣಿಯ ಒಡಲು ಬೇರೆ ಎಂದು ತೋಚಿರಲಿಲ್ಲ. ಬಾಣ ಹಿಂದಿನ ಪಕ್ಕೆಗಳ ನಡುವೆ ಇಳಿದು ಹೊಟ್ಟೆಯಲ್ಲಿ ನಿಂತಿತ್ತು.

ಚಿಕ್ಗು ಕಡವೆಯ ಪಕ್ಕ ಬಿಚ್ಚಿ, ಹಳದಿಯಲ್ಲಿ ನಿಂತ ಬಾಣದ ಮೊನೆಯನ್ನು ಬೆರಳಿನಿಂದ ಮುಟ್ಟಿದರು. ಬೈಯಲಿಲ್ಲ. ಮರದ ಬುಡದಲ್ಲಿ ಕೂತು, ತಮಗೆ ಮೂವತ್ತು ವರ್ಷವಾಗಿದ್ದಾಗ ಇದೇ ಜಾಗಕ್ಕೆ ತಮ್ಮ ಬಾಣ ತಿಂದ ಒಂದು ಹೆಣ್ಣು ಕಡವೆಯ ಹಿಂದೆ ಎರಡು ದಿನ ನಡೆದದ್ದನ್ನು ಹೇಳಿದರು. ಎದೆಗೆ ಬಿದ್ದರೆ ಅದು ನೂರು ಹೆಜ್ಜೆ ಓಡಿ ಬೀಳುತ್ತದೆ. ಹೊಟ್ಟೆಗೆ ಬಿದ್ದರೆ ಬೀಳುವುದಿಲ್ಲ, ನೀರು ಹುಡುಕಿಕೊಂಡು ಹೋಗುತ್ತಲೇ ಇರುತ್ತದೆ. ಎರಡನೆಯ ದಿನ ಸಂಜೆ ಹಳ್ಳದ ಬದಿಯಲ್ಲಿ ಅದು ಮಲಗಿದ್ದು ಸಿಕ್ಕಿತು, ಇನ್ನೂ ಉಸಿರಿತ್ತು, ತಲೆಯೆತ್ತಿ ಇವರನ್ನೇ ನೋಡಿತು. ಅಷ್ಟು ಹೇಳಿ ಚಿಕ್ಗು ಎದ್ದು ಏಣಿಯ ಕಡೆ ಕೈ ತೋರಿಸಿ, ಒಂದು ವರ್ಷ, ಪುವಾನ್ ಸರೋಜ, ಎಂದರು. ಪುವಾನ್ ಎಂದರೆ ಅಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಮಾತು.

ಮನೆಗೆ ಬರುವ ದಾರಿಯಲ್ಲಿ ಸರೋಜಮ್ಮ ಕಾರಿನಲ್ಲಿ ಆ ಬಾಣವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೊನೆಯನ್ನೇ ನೋಡುತ್ತ ಕೂತಿದ್ದರು. ದೇವದಾಸ ಮಾತಾಡಿಸಲು ನೋಡಿದರು.

“ಫೋಮು ಕಣೇ ಅದು. ಅದಕ್ಕೆ ಹೊಟ್ಟೆನೂ ಇಲ್ಲ, ನೋವೂ ಇಲ್ಲ.”

“ನನಗೆ ಗೊತ್ತಿಲ್ವಾ ಅದು ಫೋಮು ಅಂತ?”

“ಮತ್ತೆ ಯಾಕೆ ಯಾರೋ ಸತ್ತ ಹಾಗೆ ಕೂತಿದೀಯ?”

“ರೀ, ಸುಮ್ನೆ ಗಾಡಿ ಓಡಿಸಿ.”

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ, ಅಲ್ಲಿಯ ತನಕ ನೆಲದ ಮೇಲೆ ನಿಂತು ಹೆದೆ ಎಳೆಯುತ್ತಿದ್ದವರು, ಮೊದಲ ಸಲ ಸ್ಟೂಲು ಹತ್ತಿದರು.

ಆ ವರ್ಷ ಅವರು ಒಬ್ಬರ ಮಾತೂ ಕೇಳಲಿಲ್ಲ. ಬಲಭುಜ ನೋಯಲು ಶುರುವಾದಾಗ ಕಾಲೇಜಿನ ಮೂಳೆ ಡಾಕ್ಟರು ಮೂರು ತಿಂಗಳು ಬಿಲ್ಲು ಮುಟ್ಟಬೇಡಿ ಎಂದರು. ಸರೋಜಮ್ಮ, ಯಾವ ಸ್ನಾಯು ಎಂದು ಕೇಳಿ, ತಮ್ಮ ಮ್ಯೂಸಿಯಮ್ಮಿನ ಭುಜದ ಜಾಡಿಯ ಮುಂದೆ ಹೋಗಿ ನಿಂತು, ಅದು ಎಲ್ಲಿ ಹುಟ್ಟಿ ಎಲ್ಲಿ ಅಂಟಿದೆ ಎಂದು ನೋಡಿ, ಮೊಣಕೈಯನ್ನು ಎರಡು ಬೆರಳಷ್ಟು ಮೇಲೆತ್ತಿ ಎಳೆಯಲು ಶುರು ಮಾಡಿದರು. ನೋವು ಪೂರ್ತಿ ಹೋಗಲಿಲ್ಲ. ಆದರೆ ಹೆದೆ ಕಿವಿಯ ತನಕ ಬರುತ್ತಿತ್ತು.

ದೀಪಾವಳಿಗೆ ಸೀರೆ ತರಲು ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸಿಗೆ ಹೋದಾಗ ಅಂಗಡಿಯಲ್ಲಿ ಕನ್ನಡ ಸಂಘದ ಹೆಂಗಸರು ಸಿಕ್ಕಿದರು. ಅವರಲ್ಲೊಬ್ಬರು, ಸದಾ ನಗುಮುಖದ, ಮಾತಿನಿಂದ ಚುಚ್ಚುವುದರಲ್ಲಿ ಎತ್ತಿದ ಕೈ ಆದ ಹಿರಿಯರು, ಸೀರೆಯ ಸೆರಗು ಬಿಡಿಸುತ್ತಲೇ ಕೇಳಿದರು.

“ಏನ್ರೀ ಸರೋಜ, ಜಿಂಕೆ ಹೊಡೆಯೋದು ಕಲೀತಿದೀರಂತೆ. ಬೆಳಗ್ಗೆ ಪೂಜೆ ಮಾಡೋ ಕೈಲಿ ಬಿಲ್ಲು ಹಿಡಿಯೋಕೆ ಹೇಗೆ ಮನಸ್ಸು ಬರತ್ತೆ ನಿಮಗೆ?”

“ನಿಮ್ಮ ದೇವರ ಮನೇಲಿ ಎಷ್ಟು ಫೋಟೋ ಇದೆ?”

“ಇದೆ ಒಂದು ಹದಿನೈದು.”

“ಮನೆಗೆ ಹೋಗಿ ಒಂದೊಂದರ ಕೈಲೂ ಏನಿದೆ ನೋಡಿ. ಬರೀ ಹೂವು ಹಿಡಿದಿರೋರು ಎಷ್ಟು ಜನ ಅಂತ ಎಣಿಸಿ ನನಗೊಂದು ಮೆಸೇಜ್ ಹಾಕಿ.”

ಪಕ್ಕದಲ್ಲಿದ್ದ ಚೈತನ್ಯಾ ತಲೆ ತಗ್ಗಿಸಿ ಸೀರೆಯ ಬೆಲೆಚೀಟಿ ಓದುವ ಹಾಗೆ ನಟಿಸಿದಳು. ಹೊರಗೆ ಬಂದ ಮೇಲೆ, “ಅಮ್ಮಾ, ಯು ಆರ್ ಇಂಪಾಸಿಬಲ್,” ಎಂದಳು. ಅವಳು ಕನ್ನಡ ಕೇಳುತ್ತಾಳೆ, ಉತ್ತರ ಇಂಗ್ಲಿಷಿನಲ್ಲಿ. ಸರೋಜಮ್ಮ ಅದನ್ನು ಹೊಗಳಿಕೆ ಎಂದೇ ಇಟ್ಟುಕೊಂಡರು.

ಆ ಹೆಂಗಸಿಗೆ ಹೇಳದ ಮಾತೊಂದಿತ್ತು. ಕೊಲ್ಲುವ ಆಸೆ ಅವರಿಗೆ ಇರಲಿಲ್ಲ. ಕಾಡಿನಲ್ಲಿ ಕಡವೆ ಎದುರು ಬಂದರೂ ಅವರು ಬಾಣ ಹೂಡಲಾರರು. ಆದರೆ ಹಳ್ಳದ ಬದಿಯಲ್ಲಿ ತಲೆಯೆತ್ತಿ ನೋಡಿದ ಆ ಕಡವೆಯನ್ನು ಚಿಕ್ಗು ಹೇಳಿದಂದಿನಿಂದ ದೀಪ ಹಚ್ಚುವಾಗ ಒಂದು ಗಳಿಗೆ ನೆನೆಯುತ್ತಿದ್ದರು. ತಮ್ಮ ಕೈಯಿಂದ ಬಿಟ್ಟ ಬಾಣ, ಫೋಮಿನಲ್ಲೇ ಆಗಲಿ, ಅಂಥ ಜಾಗಕ್ಕೆ ಹೋಯಿತಲ್ಲ ಎಂಬುದನ್ನು ಅವರಿಗೆ ತಡೆಯಲಾಗಿರಲಿಲ್ಲ. ಅದನ್ನು ಅದೇ ಮರದ ಮೇಲೆ ನಿಂತೇ ಸರಿಮಾಡಬೇಕಿತ್ತು.

ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಪಾಸಾರಿಗೆ, ಅಂದರೆ ಮಾರುಕಟ್ಟೆಗೆ, ಹೋದರು. ಕುರಿ ಮಾಂಸದ ಅಂಗಡಿಯ ತಮಿಳು ಮುಸಲ್ಮಾನರನ್ನು ಎಲ್ಲರೂ ಪಾಯ್ ಎಂದು ಕರೆಯುತ್ತಾರೆ. ಸರೋಜಮ್ಮ ವರ್ಷಗಟ್ಟಲೆ ಅವರ ಗಿರಾಕಿ. ಅವತ್ತು ಕೈಚೀಲದಲ್ಲಿ ಒಂದು ಉದ್ದನೆಯ ಉಕ್ಕಿನ ಹೆಣಿಗೆ ಕಡ್ಡಿ ಇತ್ತು.

“ವಾಂಗಕ್ಕಾ, ಬನ್ನಿ. ತೊಡೆ ಕೊಡಲಾ, ಈರಲಾ?” ಎಂದರು ಪಾಯ್. ಈರಲ್ ಎಂದರೆ ಲಿವರ್.

“ಮಾಂಸ ಆಮೇಲೆ ಪಾಯ್. ಚರ್ಮ ಸುಲಿದು ಇನ್ನೂ ಹೊಟ್ಟೆ ಬಗೆಯದ ಕುರಿ ಇದೆಯಾ? ಅದನ್ನ ನಾಲ್ಕು ಕಾಲಿನ ಮೇಲೆ ನಿಂತ ಹಾಗೆ ಹಿಡ್ಕೋಬೇಕು ನೀವು.”

ಪಾಯ್ ಸರೋಜಮ್ಮನನ್ನು ಮೇಲಿಂದ ಕೆಳಗೆ ನೋಡಿದರು. “ಅಕ್ಕಾ, ವೀಟ್ಲ, ಮನೇಲಿ, ಎಲ್ಲಾ ಚೆನ್ನಾಗಿದಾರಾ?”

“ಎಲ್ಲಾ ಚೆನ್ನಾಗಿದಾರೆ. ನೀವು ಹಿಡ್ಕೊಳ್ಳಿ.”

ಹಿಡಿದರು. ಸರೋಜಮ್ಮ ಅಲ್ಲೇ ಇದ್ದ ಪ್ಲಾಸ್ಟಿಕ್ ಪೆಟ್ಟಿಗೆಯ ಮೇಲೆ ಹತ್ತಿ, ಹೋದ ವರ್ಷ ತಾವು ನೋಡಿದ್ದ ಜಾಗಕ್ಕೇ ಮೇಲಿನಿಂದ ಓರೆಯಾಗಿ ಕಡ್ಡಿಯನ್ನು ಚುಚ್ಚಿದರು. ಆಮೇಲೆ ಪಾಯ್ ಬಗೆದು ತೋರಿಸಿದರು. ಎಡಗಡೆ ಅರ್ಧ ಒಡಲನ್ನು ಹುಲ್ಲು ತುಂಬಿದ ದೊಡ್ಡ ಹೊಟ್ಟೆಯೇ ಆಕ್ರಮಿಸಿ, ಮುಂದಕ್ಕೆ ನುಗ್ಗಿ, ಹಿಂದಿನ ಪಕ್ಕೆಲುಬುಗಳ ಗೂಡಿನೊಳಗೂ ಸೇರಿಕೊಂಡಿತ್ತು. ಕಡ್ಡಿ ಅದರ ನಟ್ಟನಡುವೆ ನಿಂತಿತ್ತು. ಶ್ವಾಸಕೋಶವೆಲ್ಲ ಮುಂದೆ, ಮುಂಗಾಲಿನ ಮರೆಯಲ್ಲಿ, ಕೆಳಗೆ ಮುದುರಿಕೊಂಡಿತ್ತು. ಸರೋಜಮ್ಮ ಬಹಳ ಹೊತ್ತು ನೋಡಿದರು. ಮುಂದಿನ ಶನಿವಾರ ಬಲಗಡೆಯಿಂದ, ಅದರ ಮುಂದಿನ ವಾರ ಹಿಂದಿನಿಂದ ಓರೆಯಾಗಿ. ಬಾಣ ಎಲ್ಲಿ ಹೊಕ್ಕಿತು ಎನ್ನುವುದು ಮುಖ್ಯವಲ್ಲ, ಆಚೆ ಕಡೆ ಎಲ್ಲಿ ಹೊರಬೀಳುತ್ತದೆ ಎಂದು ಮೊದಲು ಕಂಡುಕೊಳ್ಳಬೇಕು ಎಂಬುದು ಅವರಿಗೆ ತಿಳಿದದ್ದು ಆ ಅಂಗಡಿಯಲ್ಲಿ. ನಾಲ್ಕನೆಯ ವಾರದ ಹೊತ್ತಿಗೆ ಪಾಯ್ ಕೇಳುವುದನ್ನು ಬಿಟ್ಟು, ಇವರು ಬರುವ ಮೊದಲೇ ಪೆಟ್ಟಿಗೆ ತಂದಿಡುತ್ತಿದ್ದರು. ಪ್ರತಿ ಸಲವೂ ಆ ಕುರಿಯ ಮಾಂಸವನ್ನೇ ಕೊಂಡು ತಂದದ್ದರಿಂದ ದೇವದಾಸರಿಗೆ ಇದರಲ್ಲಿ ದೂರುವಂಥದ್ದೇನೂ ಕಾಣಲಿಲ್ಲ.

ಜೂನ್ ತಿಂಗಳಲ್ಲಿ ಚಿಕ್ಗು ಶಿಷ್ಯರ ಬಿಲ್ಲಿನ ಕೂಟಕ್ಕೆ ಹೊಸ ಕಾರ್ಯದರ್ಶಿ ಸಿಕ್ಕಿದ. ಎರಡು ವರ್ಷದಿಂದ ಕೂಟದಲ್ಲಿದ್ದ ಮೈಸೂರಿನ ಹುಡುಗ ಕೀರ್ತಿರಾಜ್, ಕ್ವಾಲಾಲಂಪುರದ ಮಾಂಟ್ ಕಿಯಾರಾದಲ್ಲಿ ಮನೆ, ಸಾಫ್ಟ್‌ವೇರ್ ಕೆಲಸ, ವಾರದ ಕೊನೆಗೆ ಎರಡು ಗಂಟೆ ಕಾರು ಓಡಿಸಿಕೊಂಡು ಬರುತ್ತಿದ್ದ. ಒಳ್ಳೆಯ ಹುಡುಗ. ಅಟ್ಟಣೆಯ ಏಣಿ ಬದಲಿಸಿದ, ಮೇಲೆ ನಿಲ್ಲುವವರು ಮರಕ್ಕೆ ಕಟ್ಟಿಕೊಳ್ಳಲು ಹೊಸ ಸುರಕ್ಷೆಯ ಪಟ್ಟಿ ತಂದ, ತನ್ನ ಹಳೆಯ ಆಫೀಸ್ ಕುರ್ಚಿಯ ಬುಡ ಬಿಚ್ಚಿ ತಂದು ಅದರ ಮೇಲೆ ಫೋಮಿನ ಕಡವೆಯನ್ನು ಕೂರಿಸಿದ. ಮರೆಯಲ್ಲಿ ಕೂತು ಹಗ್ಗ ಎಳೆದರೆ ಕಡವೆ ಎತ್ತ ಬೇಕಾದರೂ ತಿರುಗುವಂತಾಯಿತು. ಎಲ್ಲ ಮುಗಿಸಿ ಕೂಟದ ವಾಟ್ಸಾಪಿಗೆ ಒಂದು ಹೊಸ ನಿಯಮ ಹಾಕಿದ. ಐವತ್ತೈದು ದಾಟಿದವರಿಗೆ ಮತ್ತು ಮಹಿಳೆಯರಿಗೆ ಇನ್ನು ಮೇಲೆ ನೆಲದಿಂದಲೇ ಪರೀಕ್ಷೆ. ಎರಡು ಬಾಣ ಸರಿಬಿದ್ದರೆ ಸಾಕು.

ಸರೋಜಮ್ಮ ಅವನನ್ನು ಬಯಲಿನ ಎದುರಿನ ಮಾಮಾಕ್ ಹೋಟೆಲಿಗೆ, ಅಂದರೆ ತಮಿಳು ಮುಸಲ್ಮಾನರ ಚಹಾದಂಗಡಿಗೆ, ಕರೆದರು. ಇಬ್ಬರಿಗೂ ಚಹಾ ಬಂತು.

“ಆಂಟಿ, ತಪ್ಪು ತಿಳ್ಕೋಬೇಡಿ. ನಿಮ್ಮ ವಯಸ್ಸಿಗೆ ಅಂತ ಮಾಡಿದ ರೂಲ್ ಅಲ್ಲ ಅದು.”

“ಮತ್ತೆ ಯಾರ ವಯಸ್ಸಿಗೆ?”

“ಜನರಲ್ ಆಗಿ. ಫಿಫ್ಟಿಫೈವ್ ಪ್ಲಸ್ ಇರೋರು, ಲೇಡೀಸು...”

“ಚಿಕ್ಗು ಪರೀಕ್ಷೆ ಕೊಡಲ್ಲ, ತಗೋತಾರೆ. ಅವರನ್ನ ಬಿಟ್ರೆ ಕೂಟದಲ್ಲಿ ಫಿಫ್ಟಿಫೈವ್ ಪ್ಲಸ್ಸು ನಾನೊಬ್ಬಳೇ. ಲೇಡೀಸೂ ನಾನೊಬ್ಬಳೇ. ನನಗೆ ಜನರಲ್ ಅಂತ ಯಾವಾಗ ಹೆಸರಿಟ್ಟೆ?”

ಕೀರ್ತಿರಾಜ್ ನಕ್ಕುಬಿಟ್ಟ. ಆಮೇಲೆ ಗಂಭೀರನಾದ. “ಹೋದ ವರ್ಷ ಇಳಿಯೋವಾಗ ನಿಮ್ಮ ಮಂಡಿ ನಡುಗಿದ್ದು ನಾನು ನೋಡ್ದೆ ಆಂಟಿ. ಏಣಿ ಹಿಡ್ಕೊಂಡಿದ್ದೋನು ನಾನೇ. ನಮ್ಮಮ್ಮಂಗೂ ನಿಮ್ಮಷ್ಟೇ ವಯಸ್ಸು. ಅವ್ರನ್ನ ನಾನು ಎರಡನೇ ಮಹಡಿಗೂ ಮೆಟ್ಲು ಹತ್ತಕ್ಕೆ ಬಿಡಲ್ಲ.”

“ಅವರು ಹತ್ತಬೇಕು ಅಂದ್ರೆ?”

“ಅವ್ರು ಅನ್ನಲ್ಲ.”

“ಒಂದ್ಸಲ ಕೇಳಿ ನೋಡು. ಅಟ್ಟಣೆಯಿಂದ ಬಿದ್ದು ಸತ್ರೆ ನಿನ್ನ ಮೇಲೆ ಯಾರೂ ಕೇಸ್ ಹಾಕಬಾರದು ಅಂತ ಬರೆದು ಕೊಡಲಾ?”

“ಅಯ್ಯೋ, ಬಿಡ್ತು ಅನ್ನಿ ಆಂಟಿ.”

“ಬಿಡ್ತು. ಈಗ ಕೇಳು. ನೆಲದ ಮೇಲಿಂದ ಹೊಡೆಯೋದು ನನಗೆ ಬರತ್ತೆ. ಬರದೇ ಇರೋದು ಮೇಲಿಂದ. ಬರದೇ ಇರೋದನ್ನೇ ತೆಗೆದುಹಾಕಿ ಪಾಸು ಅಂತ ಬರೆದ್ರೆ ಆ ಚೀಟಿ ನನಗೆ ಯಾಕೆ? ಎಲ್ಲರಿಗೂ ಯಾವ ಮರವೋ ನನಗೂ ಅದೇ ಮರ. ಎಲ್ಲರಿಗೂ ಎಷ್ಟು ಬಾಣವೋ ನನಗೂ ಅಷ್ಟೇ.”

“ಮತ್ತೆ ಹೊಟ್ಟೆಗೆ ಬಿದ್ರೆ?”

“ಬಿದ್ರೆ ಇಳೀತೀನಿ. ನೀನು ಏಣಿ ಹಿಡ್ಕೋ.”

ಅವನು ಒಪ್ಪಲಿಲ್ಲ. ಕೊನೆಗೆ ವಿಷಯ ಚಿಕ್ಗು ಹಾಶಿಮ್ ಅವರ ಮುಂದೆ ಹೋಯಿತು. ಅವರು ಇಬ್ಬರ ಮಾತನ್ನೂ ಕೇಳಿ, ಗಡ್ಡ ನೀವಿಕೊಂಡು, ಕಡವೆಗೆ ಹೊಡೆದವನ ವಯಸ್ಸು ಗೊತ್ತಾಗುವುದಿಲ್ಲ ಎಂದಷ್ಟೇ ಹೇಳಿದರು. ಹೊಸ ನಿಯಮ ವಾಟ್ಸಾಪಿನಿಂದ ಹೋಯಿತು. ಆದರೆ ಮಾತು ಹೋಗಲಿಲ್ಲ. ಸರೋಜ ಆಂಟಿಯ ಹಟಕ್ಕೆ ಕೂಟದವರೆಲ್ಲ ಒಂದು ದಿನ ಆಸ್ಪತ್ರೆಯ ಬಾಗಿಲಲ್ಲಿ ಕೂರಬೇಕಾಗುತ್ತದೆ ಎಂದು ಒಂದಿಬ್ಬರು ಆಡಿಕೊಂಡರು. ಅದು ಸರೋಜಮ್ಮನ ಕಿವಿಗೂ ಬಿತ್ತು. ಅಂದಿನಿಂದ ಕಾಲೇಜಿನ ಲಿಫ್ಟು ಬಿಟ್ಟು, ಐದನೆಯ ಮಹಡಿಯ ಮ್ಯೂಸಿಯಮ್ಮಿಗೆ ಮೆಟ್ಟಿಲು ಹತ್ತಿಯೇ ಹೋಗತೊಡಗಿದರು.

ಸೆಪ್ಟೆಂಬರಿನ ಪರೀಕ್ಷೆಯ ದಿನ ಒಂಬತ್ತು ಜನ ಹತ್ತುವವರಿದ್ದರು. ಚೀಟಿ ಎತ್ತಿದಾಗ ಸರೋಜಮ್ಮನ ಹೆಸರು ಕೊನೆಗೆ ಬಂತು. ಮಧ್ಯಾಹ್ನ ಮೂರು ಗಂಟೆಗೆ ಅವರು ಏಣಿಗೆ ಕೈ ಹಚ್ಚಿದಾಗ ಜಾಸಿನ್ ಕಡೆಯ ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು. ಮಂಡಿ ನಡುಗಲಿಲ್ಲ. ಅಟ್ಟಣೆಯ ಮೇಲೆ ಸುರಕ್ಷೆಯ ಪಟ್ಟಿಯನ್ನು ಮರಕ್ಕೆ ಬಿಗಿದು, ಕಣ್ಣು ಮುಚ್ಚಿ ಒಂದು ಉಸಿರು ತೆಗೆದುಕೊಂಡು, ಬಾಣ ಹೂಡಿ ನಿಂತರು.

ಕೆಳಗೆ ಚಿಕ್ಗು ಡಬ್ಬಿಯಿಂದ ಒಂದೊಂದೇ ಚೀಟಿ ಎತ್ತಿ ತೋರಿಸಬೇಕು. ಅದರಲ್ಲಿ ಬರೆದ ದಿಕ್ಕಿಗೆ, ಪ್ಲಾಸ್ಟಿಕ್ ಶೀಟಿನ ಮರೆಯಲ್ಲಿ ಕೂತ ಕೀರ್ತಿರಾಜ್ ಹಗ್ಗ ಎಳೆದು ಕಡವೆಯನ್ನು ತಿರುಗಿಸಿ ನಿಲ್ಲಿಸಬೇಕು. ಹತ್ತು ಎಣಿಸುವುದರೊಳಗೆ ಬಾಣ ಬಿಡಬೇಕು. ಹೊಡೆಯಬಾರದ ಭಂಗಿ ಎನಿಸಿದರೆ ಬಿಲ್ಲು ತಗ್ಗಿಸಬಹುದು. ಅದು ತಪ್ಪಲ್ಲ, ಆದರೆ ಲೆಕ್ಕಕ್ಕೂ ಬರುವುದಿಲ್ಲ. ಮುಂದಿನ ಚೀಟಿಗೆ ಕಾಯಬೇಕು.

ಮೊದಲ ಚೀಟಿಗೆ ಕಡವೆ ಎಡಮಗ್ಗುಲು ತೋರಿಸಿ ಅಡ್ಡಲಾಗಿ ನಿಂತಿತು. ಸರೋಜಮ್ಮ ಸೊಂಟದಿಂದ ಬಾಗಿದರು. ಮುಂಗಾಲಿನ ಹಿಂದೆ, ಬೆನ್ನಿಗೆ ಹತ್ತಿರವಾಗಿ ಒಂದು ಜಾಗ ಕಂಡಿತು. ಅಲ್ಲಿ ಹೊಕ್ಕರೆ ಆಚೆ ಕಡೆ ಮುಂಗಾಲಿನ ಸಂದಿಯಲ್ಲಿ ಕೆಳಗೆ ಹೊರಬೀಳಬೇಕು. ಚಿಕ್ಗು ಆರು ಎಣಿಸುವಾಗ ಬಾಣ ಬಿಟ್ಟರು. ಬಿಚ್ಚಿ ನೋಡಿದರೆ ಕೆಂಪು.

ಎರಡನೆಯ ಚೀಟಿಗೆ ಕಡವೆ ತುಸು ಆಚೆಗೆ ಮುಖ ತಿರುಗಿಸಿ ಓರೆಯಾಗಿ ನಿಂತಿತು. ಸರೋಜಮ್ಮ ಮೊದಲಿಗಿಂತ ಮೂರು ಬೆರಳು ಹಿಂದೆ ಹೊಡೆದರು. ಮರದ ಕೆಳಗಿದ್ದವರಲ್ಲಿ ಯಾರೋ ಛೆ ಎಂದರು. ಕೀರ್ತಿರಾಜ್ ಮರೆಯಿಂದ ತಲೆ ಹೊರಹಾಕಿ, “ಆಂಟಿ, ಹಿಂದೆ ಹೋಯ್ತು,” ಎಂದ. ಚಿಕ್ಗು ಪಕ್ಕ ಬಿಚ್ಚಿದರು. ಬಾಣ ಮುಂದಕ್ಕೆ ಓರೆಯಾಗಿ ಇಳಿದು, ಇಡೀ ಕೆಂಪನ್ನು ದಾಟಿ, ಆಚೆಯ ಭುಜದ ಒಳಗೆ ನಿಂತಿತ್ತು. ಅವರು ಕೆಳಗಿದ್ದವರನ್ನೆಲ್ಲ ಕರೆದು ತೋರಿಸಿದರು.

ಮೂರನೆಯದಕ್ಕೆ ಕಡವೆ ಮರದ ಕಡೆಗೆ ಬಾಲ ತೋರಿಸಿ ನಿಂತಿತು. ಸರೋಜಮ್ಮ ಬಿಲ್ಲು ತಗ್ಗಿಸಿದರು. ಇನ್ನೊಂದು ಚೀಟಿ. ನೇರ ಇವರ ಮುಖಕ್ಕೇ ಮುಖ ಕೊಟ್ಟು ನಿಂತಿತು. ಮತ್ತೆ ತಗ್ಗಿಸಿದರು. ಗಾಳಿ ಎದ್ದು ರಬ್ಬರ್ ಮರಗಳ ಎಲೆ ಮಗುಚತೊಡಗಿತು. ದೂರದಲ್ಲಿ ಗುಡುಗಿತು. ಮಿಂಚು ಹತ್ತಿರ ಬಂದರೆ ಮರದ ಮೇಲೆ ಯಾರನ್ನೂ ಬಿಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಚಿಕ್ಗು ಆಕಾಶ ನೋಡಿ, ಇದು ಕೊನೆಯ ಚೀಟಿ ಎಂದು ಕೂಗಿ ಹೇಳಿ, ಡಬ್ಬಿಗೆ ಕೈ ಹಾಕಿದರು.

ಕಡವೆ ಓರೆಯಾಗಿ ಈಚೆಗೆ ತಿರುಗಿ ನಿಂತಿತು. ಭುಜದ ಮೂಳೆ ಮುಂದೆ ಅಡ್ಡ. ಅದರ ಪಕ್ಕದಿಂದ ನುಗ್ಗಿಸಿದರೆ ಬಾಣ ಹಿಂದಕ್ಕೆ ಇಳಿದು ನೆಟ್ಟಗೆ ಹೊಟ್ಟೆಗೆ. ಆ ದಾರಿ ಸರೋಜಮ್ಮನಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಚಿಕ್ಗು ಎಣಿಸತೊಡಗಿದರು. ಮೂರು ಎಣಿಸುವಷ್ಟರಲ್ಲಿ ಕಡವೆ ಅಲುಗಾಡಿತು. ಮೆಲ್ಲಗೆ, ಗಾಳಿಗೆ ಅಲುಗಾಡಿದ ಹಾಗೆ, ಅಡ್ಡಮಗ್ಗುಲಿಗೆ ತಿರುಗತೊಡಗಿತು. ಪ್ಲಾಸ್ಟಿಕ್ ಶೀಟಿನ ಅಂಚಿನಲ್ಲಿ ಹಗ್ಗ ಬಿಗಿಯುತ್ತಿದ್ದದ್ದು ಮೇಲಿನಿಂದ ಚೆನ್ನಾಗಿ ಕಾಣುತ್ತಿತ್ತು.

“ಕೀರ್ತಿ,” ಎಂದರು ಸರೋಜಮ್ಮ. “ಮೊದಲು ಹೇಗಿತ್ತೋ ಹಾಗೇ ನಿಲ್ಲಿಸು ಅದನ್ನ.”

“ಗಾಳಿ ಆಂಟಿ.”

“ನಿನ್ನ ಕೈಯ ಗಾಳಿ ನನಗೆ ಇಲ್ಲಿಂದ ಕಾಣತ್ತೆ. ನಿಲ್ಲಿಸು.”

ಕಡವೆ ಮತ್ತೆ ಓರೆಯಾಯಿತು. ಚಿಕ್ಗು ಹತ್ತು ಎಣಿಸಿ ಮುಗಿಸಿದರು. ಸರೋಜಮ್ಮ ಬಿಲ್ಲು ತಗ್ಗಿಸಿ, ಬಾಣವನ್ನು ಹೆದೆಯಿಂದ ತೆಗೆದು ಬತ್ತಳಿಕೆಗೆ ಹಾಕಿ, ಪಟ್ಟಿ ಬಿಚ್ಚಿ, ಒಂದೊಂದೇ ಮೆಟ್ಟಿಲು ಇಳಿದು ಬಂದರು. ಅಷ್ಟರಲ್ಲಿ ದೊಡ್ಡ ದೊಡ್ಡ ಹನಿ ಶುರುವಾಗಿತ್ತು. ಎಲ್ಲರೂ ರಬ್ಬರ್ ಹಾಳೆ ಒಣಗಿಸುವ ಹಳೆಯ ಚಪ್ಪರದ ಕೆಳಗೆ ಓಡಿದರು.

ಚಿಕ್ಗು ಒದ್ದೆ ಟೋಪಿಯನ್ನು ತೆಗೆದು ಹಿಂಡಿ, ಕೂಟದ ಪುಸ್ತಕ ತರಿಸಿಕೊಂಡು, ಸರೋಜಮ್ಮನ ಹೆಸರಿನ ಮುಂದೆ ಪೆನ್ನು ಹಿಡಿದು ಕೂತರು. ಆಮೇಲೆ ತಮ್ಮ ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದರು.

“ಪುವಾನ್ ಸರೋಜ, ನನಗೆ ಮೂವತ್ತು ವರ್ಷವಾಗಿದ್ದಾಗ ಅಂಥದ್ದೇ ಭಂಗಿಯಲ್ಲಿ ನಿಂತಿತ್ತು ಆ ಹೆಣ್ಣು ಕಡವೆ. ನಾನು ಬಿಲ್ಲು ತಗ್ಗಿಸಲಿಲ್ಲ. ನೀವು ತಗ್ಗಿಸಿದಿರಿ. ಬಿಡದ ಆ ಬಾಣವನ್ನೇ ಮೂರನೆಯದೆಂದು ಬರೆಯುತ್ತೇನೆ. ಇವತ್ತಿನಿಂದ ಮರ ನಿಮ್ಮದು.”

ಚಪ್ಪರದ ಕೆಳಗಿದ್ದವರೆಲ್ಲ ಹೌದೆಂದರು. ಆಡಿಕೊಂಡಿದ್ದ ಒಂದಿಬ್ಬರೂ ತಲೆಯಾಡಿಸಿದರು. ಕೀರ್ತಿರಾಜ್ ಒದ್ದೆ ಕೈಯಲ್ಲೇ ಹತ್ತಿರ ಬಂದು, “ಹೂಂ ಅನ್ನಿ ಆಂಟಿ. ಅವ್ರು ಹೀಗೆ ಯಾರಿಗೂ ಹೇಳಿದ್ದಿಲ್ಲ,” ಎಂದು ಪಿಸುಗುಟ್ಟಿದ.

ಸರೋಜಮ್ಮನ ಕಣ್ಣು ತುಂಬಿತು. ದುಪಟ್ಟಾದ ತುದಿಯಿಂದ ಮುಖದ ಮೇಲಿನ ಮಳೆನೀರಿನ ಜೊತೆಗೇ ಒರೆಸಿಕೊಂಡರು. ಚಿಕ್ಗುವಿಗೆ ಎರಡೂ ಕೈ ಮುಗಿದರು.

“ನೀವು ಹೀಗಂದದ್ದು ನನಗೆ ದೊಡ್ಡದು ಚಿಕ್ಗು. ಆದರೆ ಬೇಡ. ಇವತ್ತು ಪಾಸಾದವರೆಲ್ಲ ಮೂರು ಬಾಣ ಬಿಟ್ಟೇ ಪಾಸಾದರು. ನನಗೊಬ್ಬಳಿಗೆ ಎರಡು ಸಾಕು ಅಂದರೆ, ಜೂನಿನಲ್ಲಿ ಇವನು ಬರೆದ ನಿಯಮವೇ ಆಯಿತಲ್ಲ ಅದು. ಆ ನಿಯಮದ ಜೊತೆ ಜಗಳ ಮಾಡಿಯೇ ನಾನು ಇಲ್ಲಿಯ ತನಕ ಬಂದದ್ದು. ಎರಡು ಅಂತಲೇ ಬರೆಯಿರಿ.”

“ಮತ್ತೆ ಒಂದು ವರ್ಷ ಏಣಿ ಮುಟ್ಟೋ ಹಾಗಿಲ್ಲ ಆಂಟಿ,” ಎಂದ ಕೀರ್ತಿರಾಜ್. “ಆಗ ನಿಮಗೆ ಐವತ್ತೊಂಬತ್ತು.”

“ನಿನಗೂ ಒಂದು ಕೂಡಿರತ್ತೆ. ಲೆಕ್ಕ ನನಗೊಬ್ಬಳಿಗೇ ಯಾಕೆ ಹಾಕ್ತೀಯ?”

ಚಿಕ್ಗು ಇನ್ನೂ ಪೆನ್ನು ಎತ್ತಿ ಹಿಡಿದೇ ಇದ್ದರು. ಸರೋಜಮ್ಮ ಬಗ್ಗಿ, ತಮ್ಮ ಹೆಸರಿನ ಮುಂದಿನ ಖಾಲಿ ಜಾಗದ ಮೇಲೆ ಬೆರಳಿಟ್ಟು ತೋರಿಸಿದರು.

“ಎರಡು,” ಎಂದರು.